ಸ್ವೀಡಿಷ್ ಇತಿಹಾಸ ವಸ್ತುಸಂಗ್ರಹಾಲಯ

ಸ್ವೀಡಿಷ್ ಇತಿಹಾಸ ವಸ್ತುಸಂಗ್ರಹಾಲಯವು ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮ್ ನಗರದ ಓಸ್ಟರ್ಮಾಲ್ಮ್ ಬಡಾವಣೆಯಲ್ಲಿರುವ ಒಂದು ರಾಷ್ಟ್ರೀಯ ಸಂಸ್ಥೆ. ಸ್ವೀಡಿಷ್ ಭಾಷೆಯಲ್ಲಿ ಇದನ್ನು 'ಹಿಸ್ಟೋರಿಸ್ಕ ಮುಸೇಯೆಟ್' ಎಂದು ಕರೆಯುತ್ತಾರೆ. ಶಿಲಾಯುಗದಿಂದ ಆಧುನಿಕ ಕಾಲದವರೆಗಿನ ಸ್ವೀಡನ್ನಿನ ಪುರಾವಸ್ತುಗಳು ಇಲ್ಲಿವೆ. ವೈಕಿಂಗ್ ಯುಗಕ್ಕೆ, ಅಂದರೆ ಸುಮಾರು ಕ್ರಿ.ಶ. 750ರಿಂದ 1050ರವರೆಗಿನ ಕಾಲಕ್ಕೆ ಸೇರಿದ ಸಂಗ್ರಹವು ಇದರ ಖ್ಯಾತಿಗೆ ಮುಖ್ಯ ಕಾರಣ. ಭಾರತೀಯ ಓದುಗರಿಗೆ ಈ ಸಂಗ್ರಹಾಲಯವು ಇನ್ನೊಂದು ಕಾರಣದಿಂದಲೂ ಗಮನಾರ್ಹ. ಭಾರತ ಉಪಖಂಡದ ವಾಯವ್ಯ ಭಾಗದಲ್ಲಿ ತಯಾರಾದ ಒಂದು ಪುಟ್ಟ ಬುದ್ಧಮೂರ್ತಿ ಸ್ವೀಡನ್ನಿನ ನೆಲದಲ್ಲಿ ದೊರೆತು ಇಲ್ಲಿ ಪ್ರದರ್ಶಿತವಾಗಿದೆ.

ಹಿನ್ನೆಲೆ

ಸ್ವೀಡನ್ನಿನಲ್ಲಿ ಪುರಾತನ ಸ್ಮಾರಕಗಳ ರಕ್ಷಣೆಗೆಂದು 1666ರಲ್ಲಿಯೇ ರಾಜಾಜ್ಞೆಯೊಂದು ಹೊರಟಿತು. ಭೂಮಿಯಲ್ಲಿ ದೊರೆತ ಹಳೆಯ ಚಿನ್ನಬೆಳ್ಳಿಯನ್ನು ಮೊದಲು ರಾಜ್ಯಕ್ಕೆ ತೋರಿಸಬೇಕು, ರಾಜ್ಯವು ತಕ್ಕ ಬೆಲೆ ಕೊಟ್ಟು ಪಡೆಯಬೇಕು ಎಂಬ ಪದ್ಧತಿಯೂ ಹದಿನೇಳನೆಯ ಶತಮಾನದಿಂದಲೇ ಬೆಳೆದು ಬಂದಿದೆ. ಈ ಪದ್ಧತಿಯ ಬೆಲೆ ಅರಿವಾಗುವುದು ಉಳಿಯದೆ ಹೋದ ವಸ್ತುಗಳನ್ನು ನೆನೆದಾಗ. 1774ರಲ್ಲಿ ತೂರೆಹೋಮ್ ಎಂಬಲ್ಲಿ ಸುಮಾರು 12 ಕಿಲೋಗ್ರಾಂ ತೂಕದ ಚಿನ್ನದ ನಿಧಿ ದೊರೆಯಿತು. ಅದರ ಬಹುಪಾಲು ಕರಗಿಹೋಯಿತು. ಸ್ವಲ್ಪ ಭಾಗ ಮಾತ್ರ ಉಳಿದಿದೆ.

ರಾಜಮನೆತನದ ಹಾಗೂ ಪುರಾತತ್ತ್ವ ಅಕಾಡೆಮಿಯ ಸಂಗ್ರಹಗಳು 1866ರಲ್ಲಿ ಆಗ ತಾನೇ ಸಿದ್ಧವಾದ ನ್ಯಾಷನಲ್ ಮ್ಯೂಸಿಯಂ ಕಟ್ಟಡದ ಕೆಳ ಅಂತಸ್ತಿನಲ್ಲಿ ಸಾರ್ವಜನಿಕರಿಗೆ ತೆರೆದವು. ಈ ವ್ಯವಸ್ಥೆಯ ಹಿಂದಿದ್ದ ಪ್ರಮುಖ ವ್ಯಕ್ತಿ ಬ್ರೂರ್ ಎಮಿಲ್ ಹಿಲ್ಡೆಬ್ರಾಂಡ್. ನಾಣ್ಯಶಾಸ್ತ್ರಜ್ಞರಾದ ಅವರು ದೀರ್ಘಕಾಲ ದೇಶದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಬೆಳೆಯುತ್ತಿದ್ದ ಸಂಗ್ರಹಕ್ಕೆ ಆ ಕಟ್ಟಡ ಸಾಲದಾದಾಗ ಹೊಸ ಕಟ್ಟಡವನ್ನು ಯೋಜಿಸಲಾಯಿತು. ಬೆಂಗ್ಟ್ ರೊಮಾರೆ ಮತ್ತು ಗೆಯೋರ್ಗ್ ಶೆರ್ಮನ್ ಎಂಬ ವಾಸ್ತುಶಿಲ್ಪಿಗಳು ರೂಪಿಸಿದ ಈಗಿನ ಕಟ್ಟಡವು 1943ರಲ್ಲಿ ಪ್ರದರ್ಶನಕ್ಕೆ ತೆರೆಯಿತು. ಹೊರಗಿನಿಂದ ಅದು ತೀರ ಸರಳ, ಕೋಟೆಯಂತೆ ಬಿಗಿಯಾದುದು. ಶಿಲ್ಪಿ ಬ್ರೂರ್ ಮಾರ್ಕ್‌ಲುಂಡ್ ಮಾಡಿದ ಕಂಚಿನ ಬಾಗಿಲುಗಳೇ ಅದಕ್ಕೆ ಅಲಂಕಾರ.

ವೈಕಿಂಗ್ ವಿಭಾಗ

'ವೈಕಿಂಗರ ಜಗತ್ತು' ಎಂಬ ಹೊಸ ಶಾಶ್ವತ ಪ್ರದರ್ಶನವು 2021ರಲ್ಲಿ ಆರಂಭವಾಯಿತು. ಸುಮಾರು 2,500 ಮೂಲವಸ್ತುಗಳು ಇದರಲ್ಲಿವೆ.

ಕೊಂಬಿನ ಶಿರಸ್ತ್ರಾಣವನ್ನು ನೋಡಬೇಕೆಂದು ಬರುವವರಿಗೆ ಇಲ್ಲಿ ನಿರಾಶೆಯೇ ಗತಿ. ವೈಕಿಂಗ್ ಯುಗಕ್ಕೆ ಸೇರಿದ ಕೊಂಬಿನ ಶಿರಸ್ತ್ರಾಣ ಯಾವ ಉತ್ಖನನದಲ್ಲಿಯೂ ದೊರೆತಿಲ್ಲ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರನ ಗೀತನಾಟಕಗಳಿಗೆ ಕಾರ್ಲ್ ಎಮಿಲ್ ಡೋಪ್ಲರ್ ವಿನ್ಯಾಸಗೊಳಿಸಿದ ವೇಷಭೂಷಣಗಳಿಂದ ಆ ಕಲ್ಪನೆ ಜನಪ್ರಿಯವಾಯಿತು. 'ವೈಕಿಂಗ್' ಎಂಬುದು ಒಂದು ಜನಾಂಗದ ಹೆಸರೂ ಅಲ್ಲ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಅದು ಕಡಲಮೇಲೆ ದಂಡೆತ್ತಿ ಹೋಗುವವನನ್ನು ಸೂಚಿಸುತ್ತಿತ್ತು. ಆ ಕಾಲದ ಹೆಚ್ಚಿನ ಜನ ಬೇಸಾಯ, ದನಕರು, ಮೀನುಗಾರಿಕೆಗಳನ್ನು ನೆಚ್ಚಿ ಬದುಕಿದವರು. ಬೀಗ, ಕೀಲಿ, ಬಾಚಣಿಗೆ, ನೂಲುವ ಕದಿರಿನ ಬಿಲ್ಲೆ, ಮಗ್ಗದ ತೂಕದ ಕಲ್ಲುಗಳಂತಹ ಮನೆವಾರ್ತೆಯ ವಸ್ತುಗಳ ಮುಂದೆ ಸಂದರ್ಶಕರು ನಿಲ್ಲುವುದು ಕಡಿಮೆ. ಆದರೆ ಅಂದಿನ ಬದುಕನ್ನು ಕತ್ತಿಗಳಿಗಿಂತ ಹೆಚ್ಚಾಗಿ ತಿಳಿಸುವವು ಅವೇ. ಹಡಗಿನ ಹಾಯಿಯನ್ನು ನೇಯ್ದು ಕೊಟ್ಟದ್ದೂ ಆ ಮಗ್ಗಗಳೇ ಎಂಬುದನ್ನು ಮರೆಯಬಾರದು.

ಧಾರ್ಮಿಕ ವಸ್ತುಗಳಲ್ಲಿ ಥೋರ್ ದೇವತೆಯ ಸುತ್ತಿಗೆಯ ಆಕಾರದ ಬೆಳ್ಳಿಯ ಪದಕಗಳೂ, 1904ರಲ್ಲಿ ರೆಲ್ಲಿಂಗೆ ಎಂಬಲ್ಲಿ ದೊರೆತ ಸುಮಾರು ಏಳು ಸೆಂಟಿಮೀಟರ್ ಎತ್ತರದ ಕಂಚಿನ ಮೂರ್ತಿಯೂ ಪ್ರಸಿದ್ಧವಾಗಿವೆ. ಗಡ್ಡವನ್ನು ಹಿಡಿದು ಕುಳಿತ ಈ ಮೂರ್ತಿಯನ್ನು ಫಲವಂತಿಕೆಯ ದೇವತೆಯಾದ ಫ್ರೇಯ್ರ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಬಿರ್ಕಾ ಸಮಾಧಿಗಳು

ವೈಕಿಂಗ್ ವಿಭಾಗದ ಅತ್ಯಂತ ಮಹತ್ವದ ವಸ್ತುಗಳು ಸ್ಟಾಕ್‌ಹೋಮಿನ ಪಶ್ಚಿಮಕ್ಕೆ ಮೆಲಾರನ್ ಸರೋವರದಲ್ಲಿರುವ ಬ್ಯೋರ್ಕೋ ದ್ವೀಪದಿಂದ ಬಂದವು. ಎಂಟನೆಯ ಶತಮಾನದ ನಡುವಿನಿಂದ ಹತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಅಲ್ಲಿ ಬಿರ್ಕಾ ಎಂಬ ವ್ಯಾಪಾರ ಪಟ್ಟಣವಿತ್ತು. ಯುನೆಸ್ಕೋ 1993ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಪ್ರಾಣಿಶಾಸ್ತ್ರವನ್ನು ಓದಿದ್ದ ಯಾಲ್ಮಾರ್ ಸ್ಟೋಲ್ಪೆ 1871ರಲ್ಲಿ ಅಂಬರ್ ಎಂಬ ಶಿಲಾರಾಳವನ್ನು ಹುಡುಕುತ್ತ ಆ ದ್ವೀಪಕ್ಕೆ ಹೋದರು. ಅನಂತರ ಸುಮಾರು ಎರಡು ದಶಕಗಳಲ್ಲಿ ಅವರು 1,100ರಷ್ಟು ಸಮಾಧಿಗಳನ್ನು ಅಗೆದರು. ಪ್ರತಿಯೊಂದು ಗಮನಾರ್ಹ ಸಮಾಧಿಯನ್ನೂ ಅವರು ಚೌಕುಳಿ ಕಾಗದದ ಮೇಲೆ ಅಳತೆ ಹಿಡಿದು ಚಿತ್ರಿಸಿಟ್ಟರು. ನಿಧಿಯನ್ನು ತೆಗೆದುಕೊಂಡು ಉಳಿದುದನ್ನು ಬಿಸುಡುತ್ತಿದ್ದ ಕಾಲದಲ್ಲಿ ಇದು ಅಪೂರ್ವವಾದ ಶಿಸ್ತು. ಇಂದಿಗೂ ಹೊಸ ಪ್ರಶ್ನೆಗಳನ್ನು ಆ ವಸ್ತುಗಳಿಗೆ ಕೇಳಲು ಸಾಧ್ಯವಾಗಿರುವುದು ಆ ಚಿತ್ರಗಳ ದೆಸೆಯಿಂದ.

ಇದಕ್ಕೆ ಉತ್ತಮ ನಿದರ್ಶನ 1878ರಲ್ಲಿ ತೆರೆದ 'ಬಿಜೆ 581' ಎಂಬ ಸಮಾಧಿ. ಅದರಲ್ಲಿ ಕತ್ತಿ, ಕೊಡಲಿ, ಈಟಿ, ಬಾಣಗಳು, ಎರಡು ಗುರಾಣಿಗಳು, ಎರಡು ಕುದುರೆಗಳು ಹಾಗೂ ಪಗಡೆಯಂತಹ ಹಾಸಿನ ಆಟವೊಂದರ ಕಾಯಿಗಳಿದ್ದವು. ಇಷ್ಟು ಆಯುಧಗಳಿರುವುದರಿಂದ ಅದು ಪುರುಷ ಯೋಧನ ಸಮಾಧಿಯೆಂದು ನೂರು ವರ್ಷಗಳಿಗೂ ಹೆಚ್ಚು ಕಾಲ ಪುಸ್ತಕಗಳು ಬರೆದವು. ಎಲುಬುಗಳು ಹೆಣ್ಣಿನವು ಎಂದು 1970ರ ದಶಕದಲ್ಲಿಯೇ ಪರೀಕ್ಷಕರು ಸೂಚಿಸಿದ್ದರೂ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಶಾರ್ಲೊಟ್ಟೆ ಹೆಡೆನ್‌ಸ್ಟಿಯೆರ್ನಾ-ಯೋನ್ಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನವು ಆ ವ್ಯಕ್ತಿ ಹೆಣ್ಣೆಂದು ಸ್ಥಾಪಿಸಿತು. ಆಗ ವಾದವಿವಾದವೆದ್ದಿತು. ಎಲುಬುಗಳು ಬೇರೆ ಸಮಾಧಿಯವುಗಳೊಡನೆ ಬೆರೆತಿರಬಹುದೆ, ಆಯುಧಗಳ ಜೊತೆ ಹೂಳಿದ ಮಾತ್ರಕ್ಕೆ ಯೋಧಳೆನ್ನಬಹುದೆ ಎಂಬ ಪ್ರಶ್ನೆಗಳು ಬಂದವು. ನಾರ್ಸ್ ಸಾಹಿತ್ಯದ ವಿದ್ವಾಂಸೆ ಜೂಡಿತ್ ಜೆಶ್ ತೀವ್ರವಾಗಿ ಆಕ್ಷೇಪಿಸಿದರು. ಸಂಶೋಧಕರು 2019ರಲ್ಲಿ ಇನ್ನೊಂದು ವಿಸ್ತಾರವಾದ ಲೇಖನದ ಮೂಲಕ ಉತ್ತರಿಸಿದರು. ಎರಡನೆಯ ಪ್ರಶ್ನೆ ನ್ಯಾಯವಾದುದೇ. ಆದರೆ ಎಲುಬುಗಳನ್ನು ಗಂಡಿನವೆಂದು ಎಣಿಸಿದ್ದ ನೂರು ವರ್ಷಗಳಲ್ಲಿ ಅದನ್ನು ಯಾರೂ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ.

ಬಿರ್ಕಾದ ಒಬ್ಬ ಮಹಿಳೆಯ ಸಮಾಧಿಯಲ್ಲಿ ದೊರೆತ ಬೆಳ್ಳಿಯ ಉಂಗುರವೂ ಇಂತಹುದೇ. ಅದರ ನೇರಳೆ ಬಣ್ಣದ ಹರಳನ್ನು ಹಿಂದೆ ಅಮೆಥಿಸ್ಟ್ ರತ್ನವೆಂದು ಬಗೆದಿದ್ದರು. 2015ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಅದು ಬಣ್ಣದ ಗಾಜೆಂದು ತಿಳಿಯಿತು. ಅದರ ಮೇಲಿನ ಕೂಫಿ ಲಿಪಿಯ ಅರಬ್ಬೀ ಬರಹವನ್ನು 'ಅಲ್ಲಾಹನಿಗೆ' ಎಂಬ ಅರ್ಥದಲ್ಲಿ ಓದಲಾಗಿದೆ.

ಸುಮಾರು ಆರು ವರ್ಷದ 'ಬಿರ್ಕಾ ಬಾಲಕಿ'ಯ ಅಸ್ಥಿಪಂಜರವೂ, ಅದನ್ನು ಆಧರಿಸಿ ರಚಿಸಿದ ಆಕೆಯ ಪ್ರತಿಕೃತಿಯೂ ಇಲ್ಲಿನ ಸಂಗ್ರಹದಲ್ಲಿವೆ. ಆಕೆಯ ಜೊತೆ ಗಾಜಿನ ಮಣಿಗಳನ್ನೂ ಸೂಜಿಡಬ್ಬಿಯನ್ನೂ ಚಿಕ್ಕ ಚಾಕುವನ್ನೂ ಹೂಳಲಾಗಿತ್ತು.

ಹೆಲ್ಗೋ ಬುದ್ಧ

ಬಿರ್ಕಾಕ್ಕಿಂತ ಹಳೆಯದಾದ ಇನ್ನೊಂದು ವ್ಯಾಪಾರ ಹಾಗೂ ಕುಶಲಕರ್ಮದ ನೆಲೆ ಅದೇ ಸರೋವರದ ಹೆಲ್ಗೋ ದ್ವೀಪದಲ್ಲಿತ್ತು. ವಿಲ್‌ಹೆಲ್ಮ್ ಹೋಲ್ಮ್‌ಕ್ವಿಸ್ಟ್ ಅವರ ನೇತೃತ್ವದಲ್ಲಿ 1954ರಲ್ಲಿ ಅಲ್ಲಿ ಉತ್ಖನನ ಆರಂಭವಾಯಿತು. 1956ರಲ್ಲಿ ಪದ್ಮಾಸನದಲ್ಲಿ ಕುಳಿತ ಬುದ್ಧನ ಲೋಹಮೂರ್ತಿ ದೊರೆಯಿತು. ಎತ್ತರ 8.4 ಸೆಂಟಿಮೀಟರ್, ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು. ಇದು ಇಂದಿನ ಪಾಕಿಸ್ತಾನದಲ್ಲಿರುವ ಸ್ವಾತ್ ಕಣಿವೆಯಲ್ಲೋ ಕಾಶ್ಮೀರದ ಸುತ್ತಿನಲ್ಲೋ ಸುಮಾರು ಆರನೆಯ ಶತಮಾನದಲ್ಲಿ ತಯಾರಾದುದೆಂದು ಕಲಾ ಇತಿಹಾಸಕಾರರು ಶೈಲಿಯನ್ನು ನೋಡಿ ನಿರ್ಣಯಿಸಿದ್ದಾರೆ. ಅದೇ ದ್ವೀಪದಲ್ಲಿ ಐರ್ಲೆಂಡಿನ ಬಿಷಪ್ಪರೊಬ್ಬರ ದಂಡದ ಬಾಗಿದ ತುದಿಯೂ, ಈಜಿಪ್ಟಿನ ಕಾಪ್ಟಿಕ್ ಸೌಟೂ ದೊರೆತಿವೆ. ಮೂರು ದಿಕ್ಕಿನ ಮೂರು ಪೂಜಾವಸ್ತುಗಳು ಉತ್ತರದ ಒಂದು ಪುಟ್ಟ ದ್ವೀಪದಲ್ಲಿ ಕೂಡಿದ್ದವು.

ಈ ಮೂರ್ತಿಯನ್ನು ಆಧಾರವಾಗಿಟ್ಟುಕೊಂಡು 'ವೈಕಿಂಗರು ಭಾರತಕ್ಕೆ ಬಂದಿದ್ದರು' ಎಂದು ಬರೆಯುವವರಿದ್ದಾರೆ. ಅಂತಹ ತೀರ್ಮಾನಕ್ಕೆ ಎಡೆಯಿಲ್ಲ. ವಸ್ತುವೊಂದು ದೂರದಲ್ಲಿ ದೊರೆತರೆ ಒಬ್ಬನೇ ಮನುಷ್ಯ ಅಷ್ಟು ದೂರ ನಡೆದನೆಂದು ಅರ್ಥವಲ್ಲ. ಮಧ್ಯ ಏಷ್ಯಾದ ಮಾರುಕಟ್ಟೆಗಳು, ವೋಲ್ಗಾ ಮುಂತಾದ ನದಿಗಳ ಜಲಮಾರ್ಗ, ಬಾಲ್ಟಿಕ್ ಸಮುದ್ರ ಎಂದು ಕೈಯಿಂದ ಕೈಗೆ ಸಾಗಿ, ತಲೆಮಾರುಗಳನ್ನೇ ದಾಟಿ ಅದು ಬಂದಿರಬಹುದು. ತಂದವನು ಅದನ್ನು ಬುದ್ಧನೆಂದು ಅರಿತಿದ್ದನೆಂದು ಹೇಳುವುದಕ್ಕೂ ಆಧಾರವಿಲ್ಲ.

ಚಿನ್ನದ ಕೋಣೆ

1994ರಲ್ಲಿ ತೆರೆದ ಈ ನೆಲಮಾಳಿಗೆಯಲ್ಲಿ ಸುಮಾರು 52 ಕಿಲೋಗ್ರಾಂ ಚಿನ್ನ ಮತ್ತು 200 ಕಿಲೋಗ್ರಾಂಗೂ ಹೆಚ್ಚು ಬೆಳ್ಳಿಯ ವಸ್ತುಗಳಿವೆ. ಇಲ್ಲಿಯ ಚಿನ್ನವೆಲ್ಲ ವೈಕಿಂಗರದು ಎಂದು ಭಾವಿಸುವುದು ಸಾಮಾನ್ಯ. ಆದರೆ ಅತ್ಯುತ್ತಮವಾದುವು ಅವರಿಗಿಂತ ಮೂರು ನಾಲ್ಕು ಶತಮಾನ ಹಳೆಯವು. ಓಲ್ಲೆಬೆರ್ಗ್, ಫೆರ್ಯೆಸ್ಟಾಡೆನ್ ಮತ್ತು ಮೋನೆ ಎಂಬ ಸ್ಥಳಗಳಲ್ಲಿ ದೊರೆತ ಮೂರು ಚಿನ್ನದ ಕಂಠಾಭರಣಗಳು ಕ್ರಮವಾಗಿ ಮೂರು, ಐದು, ಏಳು ಸುತ್ತಿನವು. ಸುತ್ತುಗಳ ನಡುವಣ ಸಂದಿಯಲ್ಲಿ ಬೆಸೆದ ಪ್ರಾಣಿಗಳ ಹಾಗೂ ಮನುಷ್ಯರ ಆಕೃತಿಗಳು ಎಷ್ಟು ಸಣ್ಣವೆಂದರೆ ಭೂತಗಾಜಿಲ್ಲದೆ ಅವುಗಳ ಕುಸುರಿ ತಿಳಿಯದು.

ವೈಕಿಂಗ್ ಯುಗದ ಸಂಪತ್ತು ಹೆಚ್ಚಾಗಿ ಬೆಳ್ಳಿ. ಅದರಲ್ಲಿ ದೊಡ್ಡ ಪಾಲು ಗಾಟ್‌ಲ್ಯಾಂಡ್ ದ್ವೀಪದ ನೆಲದಲ್ಲಿ ಹೂತಿಟ್ಟಿದ್ದುದು. ಬಾಗ್ದಾದ್, ಸಮರ್ಕಂದ್ ಮುಂತಾದ ಟಂಕಸಾಲೆಗಳ ದಿರ್ಹಮ್ ನಾಣ್ಯಗಳು, ಅವು ಕಡಿಮೆಯಾದ ಮೇಲೆ ಜರ್ಮನಿ, ಇಂಗ್ಲೆಂಡ್‌ಗಳ ನಾಣ್ಯಗಳು, ಕತ್ತರಿಸಿದ ಕಡಗಗಳ ತುಂಡುಗಳು ಒಟ್ಟಿಗೆ ಸಿಗುತ್ತವೆ. ನಾಣ್ಯದ ಮೇಲಿನ ಅಂಕಿತಕ್ಕೆ ಬೆಲೆಯಿರಲಿಲ್ಲ, ತೂಕಕ್ಕೆ ಇತ್ತು. ಆದುದರಿಂದಲೇ ಮಡಿಚಿಡಬಹುದಾದ ಪುಟ್ಟ ತಕ್ಕಡಿಗಳೂ ತೂಕದ ಗುಂಡುಗಳೂ ವರ್ತಕರ ಸಮಾಧಿಗಳಲ್ಲಿ ದೊರೆಯುತ್ತವೆ. ಹಲವು ತುಂಡುಗಳ ಅಂಚಿನಲ್ಲಿ ಚಾಕುವಿನ ಗೀರುಗಳಿವೆ. ಅವು ಬೆಳ್ಳಿ ಶುದ್ಧವೋ ಅಲ್ಲವೋ ಎಂದು ಪರೀಕ್ಷಿಸಿದ ಗುರುತುಗಳು.

ಇದೇ ಕೋಣೆಯಲ್ಲಿ ಸಂತ ಎಲಿಜಬೆತ್ತಳ ಅವಶೇಷ ಪಾತ್ರೆಯೂ ಇದೆ. ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನ ಸೈನ್ಯವು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಿಂದ 1631ರಲ್ಲಿ ಇದನ್ನು ದೋಚಿ ತಂದಿತು. ಲೂಟಿಯ ವಸ್ತುಗಳನ್ನು ಕಾಣಲೆಂದು ವೈಕಿಂಗ್ ವಿಭಾಗಕ್ಕೆ ಧಾವಿಸುವವರು, ಕೊಳ್ಳೆಯ ಹೆಸರು ಹೊರದೆ ಅರಸುಗಳ ಯುದ್ಧದಿಂದ ಬಂದ ಈ ಪಾತ್ರೆಯ ಮುಂದೆಯೂ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಇತರ ವಿಭಾಗಗಳು

ಮಧ್ಯಯುಗದ ಚರ್ಚುಗಳ ಮರದ ಶಿಲ್ಪಗಳ ದೊಡ್ಡ ಸಂಗ್ರಹವಿದೆ. ಹನ್ನೆರಡನೆಯ ಶತಮಾನದ ವಿಕ್ಲಾವ್ ಮೇರಿಯ ಪ್ರತಿಮೆ ಅದರಲ್ಲಿ ಪ್ರಸಿದ್ಧ. 1361ರಲ್ಲಿ ಡೆನ್ಮಾರ್ಕಿನ ದೊರೆ ವಾಲ್ಡೆಮಾರ್ ಅಟ್ಟೆರ್‌ಡಾಗ್ ಗಾಟ್‌ಲ್ಯಾಂಡಿನ ವಿಸ್ಬಿ ಪಟ್ಟಣದ ಗೋಡೆಯ ಹೊರಗೆ ರೈತರನ್ನು ಕೊಂದ ಯುದ್ಧದ ಅವಶೇಷಗಳನ್ನೂ ಇಲ್ಲಿ ಇರಿಸಲಾಗಿದೆ. ಸಾಮೂಹಿಕ ಗುಂಡಿಗಳಿಂದ ತೆಗೆದ, ಉಕ್ಕಿನ ಬಳೆಗಳ ಕವಚ ಅಂಟಿಕೊಂಡೇ ಇರುವ ತಲೆಬುರುಡೆಗಳು ಕಿರಿಯ ಮಕ್ಕಳಿಗೆ ಭಯವುಂಟುಮಾಡಬಹುದು.

ಸಂದರ್ಶನ

ಸುರಂಗ ರೈಲಿನ ಕಾರ್ಲಾಪ್ಲಾನ್ ನಿಲ್ದಾಣವು ಸಂಗ್ರಹಾಲಯಕ್ಕೆ ಸಮೀಪದಲ್ಲಿದೆ. ವೈಕಿಂಗರ ಹಡಗುಗಳನ್ನೇ ನೋಡಬಯಸುವವರು ಡೆನ್ಮಾರ್ಕಿನ ರೋಸ್ಕಿಲ್ಡೆಯಂತಹ ಸಂಗ್ರಹಗಳನ್ನು ಆಶ್ರಯಿಸಬೇಕು. ಸ್ಟಾಕ್‌ಹೋಮಿನಲ್ಲಿಯೇ ಇರುವ ವಾಸಾ ಹಡಗು 1628ರಲ್ಲಿ ಮುಳುಗಿದ ಯುದ್ಧನೌಕೆ, ವೈಕಿಂಗ್ ಯುಗದ್ದಲ್ಲ. ಬಿರ್ಕಾ ದ್ವೀಪಕ್ಕೆ ಬೇಸಗೆಯಲ್ಲಿ ನಗರದಿಂದ ದೋಣಿಗಳು ಹೋಗುತ್ತವೆ. ಅಲ್ಲಿ ಹುಲ್ಲು ಬೆಳೆದ ಸಮಾಧಿ ದಿಬ್ಬಗಳೂ ಕೋಟೆಯ ಗುಡ್ಡವೂ ಉಳಿದಿವೆ. ಅಗೆದು ತೆಗೆದ ವಸ್ತುಗಳು ಸ್ಟಾಕ್‌ಹೋಮಿನಲ್ಲಿರುವುದರಿಂದ ಸಂಗ್ರಹಾಲಯವನ್ನು ಮೊದಲು ನೋಡಿ ಅನಂತರ ದ್ವೀಪಕ್ಕೆ ಹೋಗುವುದು ಅನುಕೂಲ.