ವಂಶವೃಕ್ಷವಿಲ್ಲದ ಮನೆತನಗಳು

ಕೆಲವು ವರ್ಷಗಳ ಹಿಂದೆ, ಕೋಲಾರದಲ್ಲಿ ಪಾಠ ಹೇಳುತ್ತಿದ್ದಾಗ, ಮೊದಲನೆಯ ವರ್ಷದ ವಿದ್ಯಾರ್ಥಿಗಳಿಗೆ ‘ನಮ್ಮ ಮನೆತನ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆದು ತರಲು ಹೇಳಿದ್ದೆ. ನಾಲ್ಕು ಸಾಲು ಕನ್ನಡವನ್ನು ನೆಟ್ಟಗೆ ಬರೆಯುವುದಕ್ಕೆ ಇದಕ್ಕಿಂತ ಸುಲಭವಾದ ವಸ್ತು ಸಿಕ್ಕಲಾರದೆಂದು ನನ್ನ ಎಣಿಕೆ. ಮುಳಬಾಗಿಲಿನ ಕಡೆಯ ಹುಡುಗನೊಬ್ಬ ಮನೆದೇವರಿಂದ ತೊಡಗಿ ಏಳು ತಲೆಮಾರುಗಳ ಹಿರಿಯರನ್ನು ಹೆಸರಿಸಿದ್ದ. ಶ್ರೀನಿವಾಸಪುರದವನು ತನ್ನ ಮುತ್ತಜ್ಜ ಮಾವಿನ ತೋಪು ಹಾಕಿಸಿದ ಕಥೆಯನ್ನು ಕೊಂಚ ಉಪ್ಪು ಖಾರ ಬೆರೆಸಿ ಎಂಟು ಪುಟ ಬರೆದಿದ್ದ. ಒಬ್ಬ ಹುಡುಗಿಯ ಹಾಳೆಯಲ್ಲಿ ಮಾತ್ರ ನಾಲ್ಕೇ ಸಾಲು: ‘ನಮ್ಮ ತಾತನ ತಾತ ದೊಡ್ಡ ಬರದಲ್ಲಿ ಅನಾಥಾಲಯಕ್ಕೆ ಸೇರಿದ ಮಗು. ಆಗ ಅವನಿಗೆ ಐದೋ ಆರೋ ವರ್ಷ. ಅವನ ತಂದೆ ತಾಯಿ ಯಾರು, ಊರು ಯಾವುದು ಎಂಬುದು ತಿಳಿಯದು. ನಮ್ಮ ಮನೆತನ ಅಲ್ಲಿಂದ ಪ್ರಾರಂಭ.’

ನಾನು ಹತ್ತಕ್ಕೆ ಮೂರು ಅಂಕ ಕೊಟ್ಟು, ‘ಇನ್ನೂ ವಿವರವಾಗಿ ಬರೆಯಬೇಕು’ ಎಂದು ಕೆಂಪು ಶಾಯಿಯಲ್ಲಿ ಷರಾ ಹಾಕಿದೆ. ಆ ಷರಾ ಇಂದಿಗೂ ನನ್ನನ್ನು ಚುಚ್ಚುತ್ತದೆ. ಇಲ್ಲದ ವಿವರವನ್ನು ಆಕೆ ಎಲ್ಲಿಂದ ತರಬೇಕಾಗಿದ್ದಿತು?

ಕೋಲಾರದ ಸೀಮೆಯಲ್ಲಿ ‘ನಾವು ಮೊದಲಿನಿಂದ ಇಲ್ಲಿಯವರೇ’ ಎಂದು ಎದೆ ತಟ್ಟಿ ಹೇಳಬಲ್ಲವರು ಕಡಿಮೆ. ಕುವಳಾಲಪುರವೆಂದು ಶಾಸನಗಳಲ್ಲಿ ಹೆಸರಾದ ಈ ಊರಿನಲ್ಲಿ ಆಳಿದ ಗಂಗರೇ ಮುಂದೆ ತಲಕಾಡಿಗೆ ಹೊರಟುಹೋದರು. ಮೊರಸು ಒಕ್ಕಲಿಗರಲ್ಲಿ ಒಂದು ಐತಿಹ್ಯವುಂಟು. ಕಂಚಿಯ ಕಡೆಯಲ್ಲಿದ್ದ ಅವರ ಹಿರಿಯರು ಮನೆಯ ಹೆಣ್ಣುಮಗಳನ್ನು ಬಲವಂತದ ಮದುವೆಯಿಂದ ಉಳಿಸಲು ರಾತ್ರೋರಾತ್ರಿ ಬಂಡಿ ಕಟ್ಟಿದರು. ತುಂಬಿ ಹರಿಯುತ್ತಿದ್ದ ಪಾಲಾರು ಅವರಿಗೆ ದಾರಿ ಬಿಟ್ಟಿತು. ಕೊನೆಗೆ ಆವತಿಯಲ್ಲಿ ನೆಲೆ ನಿಂತರು. ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ನಾಡಪ್ರಭುಗಳ ಕಥೆಯೂ ಅಲ್ಲಿಂದಲೇ ಪ್ರಾರಂಭವಾಗುತ್ತದೆ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿ ಕನ್ನಡದ ಆಸ್ತಿಯೆನಿಸಿದ ಮಾಸ್ತಿಯವರ ಮನೆಮಾತು ತಮಿಳು. ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ. ಹೀಗೆ ಬಂದು ಸೇರಿದವರು ಇಲ್ಲಿ ಬೇಕಾದಷ್ಟು ಮಂದಿ. ಆದರೆ ಬಂದವರೆಲ್ಲರ ಬಂಡಿಯಲ್ಲಿಯೂ ಒಂದು ದೇವರು, ಒಂದು ಕಥೆ ಇದ್ದವು. ಬರದ ಮಗುವಿಗೆ ಎರಡೂ ಇರಲಿಲ್ಲ.

ದೊಡ್ಡ ಬರವೆಂದರೆ ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 1878ರ ವರೆಗಿನದು. ಕೋಲಾರಕ್ಕೆ ಹೇಳಿಕೊಳ್ಳುವಂಥ ಹೊಳೆಯಿಲ್ಲ. ನಂದಿಯ ಕಡೆಯಲ್ಲಿ ಹುಟ್ಟುವ ಪಾಲಾರು ಮಳೆ ಬಂದರೆ ಹೊಳೆ, ಇಲ್ಲವಾದರೆ ಮರಳು. ಬೇಸಾಯವೆಲ್ಲ ಕೆರೆಗಳನ್ನು ನಂಬಿದ್ದು. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರದು ಅದರ ಕೆಳಗಿನದಕ್ಕೆ. ಮೇಲಿನದು ತುಂಬದಿದ್ದರೆ ಸಾಲಿಗೆ ಸಾಲೇ ಬತ್ತಿತೆಂದು ಲೆಕ್ಕ. ಈ ಸೀಮೆಯ ರೈತನ ನಿಜವಾದ ಬೊಕ್ಕಸ ಹಗೇವು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಬಾಯಿ ಮುಚ್ಚಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ವರ್ಷದ ಬರಕ್ಕೆ ಒಕ್ಕಲು ಮನೆ ಅಷ್ಟಾಗಿ ಹೆದರುತ್ತಿರಲಿಲ್ಲ. 1876ರಲ್ಲಿ ಮಳೆ ಕೈಕೊಟ್ಟಾಗ ಹಗೇವು ತೆರೆದರು. 1877ರ ಮುಂಗಾರೂ ಹೋದಾಗ ತೆರೆಯಲು ಏನೂ ಉಳಿದಿರಲಿಲ್ಲ. ಹಗೇವೇ ಇಲ್ಲದ ಕೂಲಿಕಾರರು, ನೇಯ್ಗೆಯವರು ಅದಕ್ಕೂ ಮೊದಲೇ ಬೀದಿಗೆ ಬಿದ್ದಿದ್ದರು.

ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. ಮದರಾಸಿನ ಕಡೆಯಿಂದ ಬೌರಿಂಗ್‌ಪೇಟೆ, ಮಾಲೂರುಗಳ ಮೂಲಕ ಬೆಂಗಳೂರಿಗೆ ರೈಲು ಬಂದು (1864) ಹನ್ನೆರಡು ವರ್ಷಗಳಾಗಿದ್ದವು. ಧಾನ್ಯದ ಮೂಟೆಗಳು ಆ ಹಳಿಯ ಮೇಲೆ ಬರುತ್ತಲೇ ಇದ್ದವು. ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. ಒಳನಾಡಿಗೆ ಸಾಗಿಸುವ ಎತ್ತುಗಳಿಗೆ ಮೇವಿರಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50,55,412, 1881ರಲ್ಲಿ 41,86,188. ಕೋಲಾರ ಜಿಲ್ಲೆಯಲ್ಲಿ ಆರು ಲಕ್ಷಕ್ಕೂ ಮೇಲಿದ್ದವರು ಐದು ಲಕ್ಷಕ್ಕಿಂತ ಕೆಳಗಿಳಿದರು. ಸತ್ತವರ ಲೆಕ್ಕವನ್ನು ಹೀಗೆ ಕಳೆದು ತೆಗೆಯಬಹುದು. ಉಳಿದ ಮಕ್ಕಳ ಲೆಕ್ಕ ಬೇರೆ. ತಾಯಿ ತಂದೆಗಳು ಸತ್ತೋ, ಕೂಲಿ ಹುಡುಕಿಕೊಂಡು ಹೋದವರು ಹಿಂದಿರುಗದೆಯೋ, ‘ನಮ್ಮೊಡನೆ ಸಾಯುವುದಕ್ಕಿಂತ ಗಂಜಿಮನೆಯ ಬಾಗಿಲಲ್ಲಿ ಬದುಕಲಿ’ ಎಂದು ಬಿಟ್ಟುಹೋಗಿಯೋ ಮಕ್ಕಳು ದಿಕ್ಕಿಲ್ಲದೆ ನಿಂತರು.

ಅಂಥ ಮಕ್ಕಳನ್ನು ಕೋಲಾರದಲ್ಲಿ ಕೂಡಿಸಿಕೊಂಡು ಅನಾಥಾಲಯ ನಡೆಸಿದವರು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ. ದೊಡ್ಡ ಸಂಘದ ಬೊಕ್ಕಸವೊಂದು ಬೆನ್ನಿಗಿರಲಿಲ್ಲ, ಹೊಣೆಯೆಲ್ಲ ಆಕೆಯದೇ. ಮಕ್ಕಳು ದೊಡ್ಡವರಾಗುತ್ತ ಬಂದಂತೆ ಆಕೆಗೆ ಎದುರಾದ ತೊಡಕು ಅನ್ನದ್ದಲ್ಲ, ಮದುವೆಯದು. ಯಾವ ಕುಲ, ಯಾವ ಬೆಡಗು ಎಂದು ಕೇಳಿದರೆ ಉತ್ತರವಿಲ್ಲದ ಹುಡುಗನಿಗೆ ಹೆಣ್ಣು ಕೊಡುವವರಾರು? ಅನಾಥಾಲಯದ ಹುಡುಗನಿಗೆ ಅನಾಥಾಲಯದ ಹುಡುಗಿಯೇ ಆಗಬೇಕು. ಹೀಗೆ ನೂರು ವರ್ಷಗಳ ಸುಧಾರಕರ ಭಾಷಣಗಳಿಂದ ಆಗದ ಜಾತಿಯ ಬೆರಕೆಯನ್ನು ಬರಗಾಲವು ಸದ್ದಿಲ್ಲದೆ ಮಾಡಿತು. ಮದುವೆಯಾದವರಿಗೆ ನೆಲ ಬೇಕು. ಭೂಮಿ ತೆಗೆದುಕೊಂಡು ಅವರನ್ನು ಒಕ್ಕಲುಗಳಾಗಿ ಕೂರಿಸಿದರು. 1890ರಲ್ಲಿ ಆಕೆ ಇದೆಲ್ಲವನ್ನೂ ಅಮೆರಿಕದ ಮೆಥಾಡಿಸ್ಟ್ ಎಪಿಸ್ಕೊಪಲ್ ಮಿಷನ್ನಿಗೆ ಒಪ್ಪಿಸಿದರು.

ಅಲ್ಲಿಂದ ಮುಂದಿನದು ಕೈಕಸುಬಿನ ಕಾಲ. ಹುಡುಗರು ಮರಗೆಲಸ, ಕಬ್ಬಿಣದ ಕೆಲಸ ಕಲಿತರು. ಮಿಷನ್ನಿನ ಕಾರ್ಯಾಗಾರದಿಂದ ಹೊರಬಿದ್ದ ಹಗುರವಾದ ಕಬ್ಬಿಣದ ನೇಗಿಲು ‘ಕೋಲಾರ ಮಿಷನ್ ನೇಗಿಲು’ ಎಂದು ಹೆಸರಾಯಿತು. ಯಾರ ಹೊಲ ಬಿರಿದು ಅನಾಥರಾದರೋ ಅವರ ಕೈಯಲ್ಲಿಯೇ ನೇಗಿಲು ತಯಾರಾದುದನ್ನು ನೆನೆದರೆ ಏನೋ ಒಂದು ಸಮಾಧಾನ. 1910ರಲ್ಲಿ ಎಲೆನ್ ಥೋಬರ್ನ್ ಕೊವೆನ್ ಸ್ಮಾರಕ ಆಸ್ಪತ್ರೆ ಪ್ರಾರಂಭವಾಯಿತು. ಊರಿನವರ ಬಾಯಲ್ಲಿ ಅದು ಇ.ಟಿ.ಸಿ.ಎಂ. ಇಂಥ ಮನೆಗಳಲ್ಲಿ ಹುಡುಗಿಯರು ದಾದಿಯರಾಗಿ, ಉಪಾಧ್ಯಾಯಿನಿಯರಾಗಿ ಬೆಂಗಳೂರಿಗೂ ಇನ್ನೂ ದೂರಕ್ಕೂ ಹೋದರು. ಎರಡನೆಯ ವಲಸೆಗೆ ಬರ ಬೇಕಾಗಲಿಲ್ಲ, ಸಂಬಳ ಸಾಕಾಯಿತು.

ಇಷ್ಟನ್ನು ನಾನು ತಿಳಿದುಕೊಂಡದ್ದು ಷರಾ ಹಾಕಿದ ಮೇಲೆ. ತಿಳಿದುಕೊಳ್ಳುವಂತೆ ಮಾಡಿದ್ದು ಹೈದರಾಬಾದಿನ ಒಂದು ವಿಚಾರಗೋಷ್ಠಿ. ಅಲ್ಲಿ ಊಟಕ್ಕೆ ನನ್ನ ಪಕ್ಕದಲ್ಲಿ ಕುಳಿತವರು ಕೃಷ್ಣೆಯ ಆಚೆ, ಗದ್ವಾಲದ ಕಡೆಯ ತೆಲುಗು ಅಧ್ಯಾಪಕರು. ನಮ್ಮ ರಾಯಚೂರಿಗೆ ಅದು ನೆರೆಯೂರೇ. ಮಾತಿನ ನಡುವೆ ಅವರು ‘ನಾವು ಮೆನ್ನೋನೈಟರು’ ಎಂದರು. ನಾನು ಆ ಶಬ್ದವನ್ನು ಪುಸ್ತಕದಲ್ಲಿ ಕಂಡಿದ್ದೆ; ಮನುಷ್ಯರಲ್ಲಿ ಕಂಡಿರಲಿಲ್ಲ.

ಮೆನ್ನೋನೈಟರ ಕಥೆ ಪ್ರಾರಂಭವಾಗುವುದು ಮಗುವಿನಿಂದಲೇ. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಕೆಲವರು ಒಂದು ಮಾತು ಎತ್ತಿದರು: ಎಳೆಯ ಕೂಸಿಗೆ ದೀಕ್ಷಾಸ್ನಾನ ಕೊಡುವುದು ಸಲ್ಲದು, ನಂಬಿಕೆಯೆಂಬುದು ಬುದ್ಧಿ ಬಲಿತವನು ತಾನಾಗಿ ಆರಿಸಿಕೊಳ್ಳತಕ್ಕದ್ದು. ಇಂದು ಇದು ಯಾರಿಗೂ ಅಪಾಯವಾಗಿ ತೋರದು. ಅಂದು ಅದು ರಾಜದ್ರೋಹ. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ನೀರಿನ ಅಪರಾಧಕ್ಕೆ ನೀರಿನ ಶಿಕ್ಷೆ. ಫ್ರೀಸ್‌ಲೆಂಡಿನ ಪಾದ್ರಿ ಮೆನ್ನೊ ಸಿಮನ್ಸ್ 1536ರಲ್ಲಿ ತನ್ನ ಪಾದ್ರಿತನ ಬಿಟ್ಟು ಇವರನ್ನು ಸೇರಿದ. ಪಂಥಕ್ಕೆ ಅವನ ಹೆಸರೇ ನಿಂತಿತು. ಕತ್ತಿ ಹಿಡಿಯಲಾರೆವು, ಆಣೆ ಇಡಲಾರೆವು ಎಂಬ ಈ ಜನ ಯಾವ ದೊರೆಗೆ ಬೇಕು? ನೆದರ್ಲೆಂಡಿನಿಂದ ಹೊರಟು ವಿಸ್ಟುಲಾ ನದಿಯ ಮುಖದಲ್ಲಿ ಜೌಗು ಬಸಿದು ಹೊಲ ಮಾಡಿದರು. ಅಲ್ಲಿ ಇಕ್ಕಟ್ಟಾದಾಗ ರಷ್ಯದ ರಾಣಿ ಕ್ಯಾಥರೀನಳ ಅಭಯ ಪಡೆದು 1789ರಿಂದ ಉಕ್ರೇನಿನ ಬಯಲಿಗೆ ಹೋದರು. 1870ರ ದಶಕದಲ್ಲಿ ಅಲ್ಲಿಯೂ ಸೈನ್ಯದ ಕಡ್ಡಾಯ ಬಂದಿತು. ಸುಮಾರು ಹದಿನೆಂಟು ಸಾವಿರ ಮಂದಿ ಗೋದಿಯ ಬೀಜ ಕಟ್ಟಿಕೊಂಡು ಕ್ಯಾನ್ಸಸ್, ಮ್ಯಾನಿಟೋಬಾಗಳಿಗೆ ಹಡಗು ಹತ್ತಿದರು. ವಿಸ್ಟುಲಾ ದಡದಲ್ಲಿ ಕಲಿತ ಜರ್ಮನ್ ಆಡುನುಡಿಯನ್ನು ಉಕ್ರೇನಿನಲ್ಲಿಯೂ ಬಿಡಲಿಲ್ಲ, ಅಮೆರಿಕದಲ್ಲಿಯೂ ಬೇಗ ಬಿಡಲಿಲ್ಲ. ಫ್ರೀಸೆನ್, ಪೆನ್ನರ್, ಕ್ಲಾಸೆನ್ ಎಂಬ ಕೆಲವೇ ಮನೆತನದ ಹೆಸರುಗಳು. ಯಾರು ಯಾರ ಮಗ, ಯಾವ ಹಳ್ಳಿಯಿಂದ ಯಾವ ಹಳ್ಳಿಗೆ ಹೋದರು ಎಂಬುದನ್ನೆಲ್ಲ ಬರೆದಿಟ್ಟುಕೊಂಡರು. ನಮ್ಮ ಗಯೆಯ ಪಂಡರೂ ತಲೆದೂಗಬೇಕು, ಅಷ್ಟು ಅಚ್ಚುಕಟ್ಟು!

ಇವರು ನಮ್ಮ ದೇಶಕ್ಕೆ ಬಂದ ಬಗೆಯೂ ವಿಚಿತ್ರ. 1889ರಲ್ಲಿ ರಷ್ಯದಿಂದ ಅಬ್ರಹಾಂ ಫ್ರೀಸೆನ್ ಎಂಬುವರು ನಿಜಾಮರ ಸೀಮೆಗೆ ಬಂದು ನಲ್ಗೊಂಡದಲ್ಲಿ ನಿಂತರು. 1899ರಿಂದ ಅಮೆರಿಕದ ಮೆನ್ನೋನೈಟರೂ ಬಂದರು. ಮಹಬೂಬ್‌ನಗರ, ವನಪರ್ತಿ, ಗದ್ವಾಲಗಳಲ್ಲಿ ಅವರ ಸಭೆಗಳು ಬೆಳೆದವು. ಇನ್ನೊಂದು ಶಾಖೆಯನ್ನು ಕರೆತಂದದ್ದು ಬರಗಾಲ. 1897ರ ಕ್ಷಾಮದ ಸುದ್ದಿ ಕೇಳಿ ಅಮೆರಿಕದ ಮೆನ್ನೋನೈಟ್ ರೈತರು ಧಾನ್ಯವನ್ನೂ ಹಣವನ್ನೂ ಕೂಡಿಸಿ ಕಳುಹಿಸಿದರು. ಧಾನ್ಯದ ಬೆನ್ನಿಗೇ, 1899ರಲ್ಲಿ, ಛತ್ತೀಸಗಢದ ಧಮ್ತರಿಗೆ ಅವರ ಮಿಷನರಿಗಳು ಬಂದರು. ಮರುವರ್ಷ ಮತ್ತೊಂದು ಭೀಕರ ಬರ. ಅನಾಥಾಲಯ ಏಳದೆ ಗತಿಯಿರಲಿಲ್ಲ. ಅಲ್ಲಿ ಬೆಳೆದ ಮಕ್ಕಳೇ ಧಮ್ತರಿಯ ಮೊದಲ ಮೆನ್ನೋನೈಟ್ ಕುಟುಂಬಗಳಾದರು. ಕೋಲಾರದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಆದದ್ದೇ ಅಲ್ಲಿಯೂ ಆಯಿತು.

ಇಲ್ಲಿ ನನಗೊಂದು ತೊಡಕು ಕಾಣುತ್ತದೆ. ಮಗುವಿನ ತಲೆಯ ಮೇಲೆ ನೀರು ಹಾಕಬಾರದು, ಅದು ತಾನೇ ಆರಿಸಿಕೊಳ್ಳಲಿ ಎಂದು ಪ್ರಾಣ ಕೊಟ್ಟವರ ಮಕ್ಕಳು, ಆರಿಸಿಕೊಳ್ಳಲು ಏನೂ ಉಳಿಯದಿದ್ದ ಮಕ್ಕಳನ್ನು ಸಾಕಿದರು. ವಯಸ್ಸಿಗೆ ಬಂದ ಮೇಲೆಯೇ ದೀಕ್ಷಾಸ್ನಾನ ಎಂಬ ನಿಯಮವನ್ನು ಅವರು ಬಿಡಲಿಲ್ಲ, ನಿಜ. ಆದರೂ ಅನ್ನ ಕೊಟ್ಟ ಕೈಯೇ ಗ್ರಂಥವನ್ನೂ ಕೊಟ್ಟಾಗ ಆರಿಸಿಕೊಳ್ಳುವುದೆಂದರೇನು? ಬರದ ಕ್ರೈಸ್ತರನ್ನು ‘ಗಂಜಿಗೆ ಹೋದವರು’ ಎಂದು ಹಳಿದವರುಂಟು. ನಾನು ಹಾಗೆ ಹಳಿಯಲಾರೆ. ಗಂಜಿ ಕೊಡಬಲ್ಲ ಮಠಗಳೂ ಛತ್ರಗಳೂ ನಮ್ಮಲ್ಲಿ ಇದ್ದವು. ಕೆಲವು ಕೊಟ್ಟವು ಕೂಡ. ಕುಲ ತಿಳಿಯದ ಮಗುವನ್ನು ಪಂಕ್ತಿಯಲ್ಲಿ ಕೂರಿಸಿ, ಬೆಳೆಸಿ, ಮದುವೆ ಮಾಡಿ, ಮನೆ ಕಟ್ಟಿಕೊಡಲು ಸಿದ್ಧರಿದ್ದವರು ಎಷ್ಟು ಮಂದಿ? ಹಾಗೆಂದು ಆ ಮಗು ಕಳೆದುಕೊಂಡದ್ದು ಕಡಿಮೆಯೆಂದು ಹೇಳಲೂ ನಾನು ಸಿದ್ಧನಿಲ್ಲ. ಹಳೆಯ ಹೆಸರು ಹೋಯಿತು, ಮನೆದೇವರು ಹೋಯಿತು, ತಾಯಿ ಹಾಡುತ್ತಿದ್ದ ಜೋಗುಳ ಹೋಯಿತು. ಬದುಕಿದ್ದಕ್ಕೆ ಕೊಟ್ಟ ಬೆಲೆ ಅದು.

ಸಾಕಿದವರಿಗೂ ಹಸಿವು ತಪ್ಪಲಿಲ್ಲ. 1921-22ರಲ್ಲಿ ಉಕ್ರೇನಿನಲ್ಲಿ ಕ್ರಾಂತಿ, ಅಂತರ್ಯುದ್ಧಗಳ ಹಿಂದೆಯೇ ಮಹಾಕ್ಷಾಮ ಬಂದಾಗ, ಒಂದು ಕಾಲಕ್ಕೆ ಗೋದಿಯಲ್ಲಿ ತೇಲುತ್ತಿದ್ದ ಮೆನ್ನೋನೈಟ್ ಹಳ್ಳಿಗಳು ಗಂಜಿಮನೆಯ ಮುಂದೆ ಸಾಲು ನಿಂತವು. ಅಮೆರಿಕದ ನೆಂಟರು ಅವರಿಗಾಗಿಯೇ 1920ರಲ್ಲಿ ಮೆನ್ನೋನೈಟ್ ಸೆಂಟ್ರಲ್ ಕಮಿಟಿಯನ್ನು ಕಟ್ಟಿದ್ದರು.

ಗದ್ವಾಲದ ಕಡೆಯ ಅಧ್ಯಾಪಕರಿಗೆ ನಾನು ಆ ನಾಲ್ಕು ಸಾಲಿನ ಪ್ರಬಂಧದ ಸಂಗತಿ ಹೇಳಿದೆ. ಅವರು ನಕ್ಕರು. ‘ಪರದೇಶದ ಅತಿಥಿಗಳು ಬಂದಾಗ ನನ್ನ ಹೆಸರು ಕೇಳಿ, ಇದು ಮೆನ್ನೋನೈಟ್ ಹೆಸರಲ್ಲವಲ್ಲ ಅನ್ನುತ್ತಾರೆ, ಸಾರ್. ಈಗ ನಮ್ಮ ದೇಶದಲ್ಲಿಯೇ ನಾವು ಎರಡು ಲಕ್ಷಕ್ಕೂ ಮೇಲಿದ್ದೇವೆ. ಇನ್ನು ಯಾವುದನ್ನು ಮೆನ್ನೋನೈಟ್ ಹೆಸರು ಅನ್ನಬೇಕು?’ ಎಂದರು.

ಆ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಕೋಲಾರದ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ನಾನೇ ಆ ಹಳೆಯ ಷರಾದ ಮಾತು ತೆಗೆದು, ‘ತಪ್ಪು ನನ್ನದಮ್ಮ’ ಎಂದೆ. ಅವಳು ಅದನ್ನು ಎಂದೋ ಮರೆತಿದ್ದಳು. ಸ್ವಲ್ಪ ಯೋಚಿಸಿ, ‘ಸಾರ್, ಆಮೇಲೆ ನಮ್ಮ ಅಜ್ಜಿ ಒಂದು ವಿಷಯ ಹೇಳಿದರು. ಆ ತಾತ ಅನಾಥಾಲಯದಲ್ಲಿ ಕನ್ನಡ ಕಲಿತವರಂತೆ. ಮನೆಯಲ್ಲಿ ಮಾತು, ಪ್ರಾರ್ಥನೆ ಎಲ್ಲ ಕನ್ನಡವೇ. ಆದರೆ ಸೌದೆ, ಕಾಯಿ ಏನಾದರೂ ಎಣಿಸಬೇಕಾದಾಗ ಮಾತ್ರ ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲಿ ಎಣಿಸುತ್ತಿದ್ದರಂತೆ. ಹಾಗಾದರೆ ಅವರ ಊರು ಯಾವ ಕಡೆ ಇದ್ದಿರಬಹುದು?’ ಎಂದು ಕೇಳಿದಳು.

‘ಮುಳಬಾಗಿಲಿನ ಕಡೆ ಇರಬಹುದು, ಶ್ರೀನಿವಾಸಪುರದ ಕಡೆಯೂ ಇರಬಹುದು’ ಎಂದೆ. ಅಷ್ಟರಲ್ಲಿ ಅವಳ ಬಸ್ಸು ಬಂದಿತು.