‘ನೀನು’ ಎಂದದ್ದಕ್ಕೆ ಬಿದ್ದ ಪೆಟ್ಟು

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ದೌ’ ಎಂಬ ಸರ್ವನಾಮ ಕಂಡರೆ ನಾವು ಅದನ್ನು ಗೌರವದ ಮಾತೆಂದು ಓದಿಕೊಳ್ಳುತ್ತೇವೆ. ಬೈಬಲ್ಲಿನಲ್ಲಿ ದೇವರಿಗೇ ಬಳಸಿದ ಪದವಲ್ಲವೇ! ಆದರೆ 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಆ ಪದ ಬಳಸಿ ಪೆಟ್ಟು ತಿಂದವರಿದ್ದರು.

ಮೊದಲು ಲೆಕ್ಕ ಸರಳವಾಗಿತ್ತು. ಎದುರಿಗೆ ಒಬ್ಬರಿದ್ದರೆ ‘ದೌ’, ಹಲವರಿದ್ದರೆ ‘ಯೀ’. ಇಂದಿನ ‘ಯೂ’ ಈ ‘ಯೀ’ಯದೇ ಒಂದು ವಿಭಕ್ತಿರೂಪ. 13ನೆಯ ಶತಮಾನದಿಂದ ಫ್ರೆಂಚ್ ಪ್ರಭಾವದಲ್ಲಿ ಬಹುವಚನಕ್ಕೆ ಮರ್ಯಾದೆ ಅಂಟಿಕೊಂಡಿತು. ದೊಡ್ಡವರಿಗೆ ‘ಯೂ’, ಮಕ್ಕಳಿಗೆ, ಆಳುಗಳಿಗೆ, ಆಪ್ತರಿಗೆ, ದೇವರಿಗೆ ‘ದೌ’. ನಮ್ಮ ನೀವು, ನೀನುಗಳ ಹಾಗೆಯೇ.

ಹಾಗಾಗಿ ಅದೇ ಪದ ಮುದ್ದೂ ಆಗಬಹುದಿತ್ತು, ಬೈಗುಳವೂ ಆಗಬಹುದಿತ್ತು. 1603ರಲ್ಲಿ ವಾಲ್ಟರ್ ರಾಲಿ ರಾಜದ್ರೋಹದ ವಿಚಾರಣೆ ಎದುರಿಸುತ್ತಿದ್ದಾಗ ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲಿ ಬೇಕೆಂದೇ ‘ದೌ’ಗೆ ಇಳಿದ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಲ್ಲಿ ಅಂತಃಪುರಕ್ಕೆ ಬಂದ ಮಗನನ್ನು ತಾಯಿ ಮೊದಲು ‘ದೌ’ ಎಂದೇ ಗದರುತ್ತಾಳೆ. ಅವನು ‘ಯೂ’ ಎಂದು ಚುಚ್ಚಿ ಮಾತನಾಡಿದೊಡನೆ ಅವಳೂ ‘ಯೂ’ಗೆ ಸರಿಯುತ್ತಾಳೆ. ಕೋಪದಲ್ಲಿ ತಾಯಿ ಮಗನಿಗೆ ‘ನೀವು’ ಎಂದರೆ ಅದೆಷ್ಟು ದೂರವೆಂದು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ.

ಈ ತಾರತಮ್ಯವನ್ನೇ ಕ್ವೇಕರರು ಧಿಕ್ಕರಿಸಿದರು. ದೇವರೆದುರು ಎಲ್ಲರೂ ಸಮಾನರಾದರೆ ಬಡವನಿಗೊಂದು, ಸಿರಿವಂತನಿಗೊಂದು ಸರ್ವನಾಮ ಏಕೆ? ಅವರ ನಾಯಕ ಜಾರ್ಜ್ ಫಾಕ್ಸ್ ಎಲ್ಲರನ್ನೂ ‘ದೌ’ ಎಂದೇ ಮಾತನಾಡಿಸಿದ. 1660ರಲ್ಲಿ ಸಂಗಡಿಗರೊಂದಿಗೆ ಏಕವಚನ, ಬಹುವಚನಗಳ ಕುರಿತೇ ಒಂದು ಪುಸ್ತಕ ಹೊರತಂದ.

ಆಕ್ಸ್‌ಫರ್ಡ್‌ಶೈರಿನ ತರುಣ ಥಾಮಸ್ ಎಲ್ವುಡ್ ಸುಮಾರು ಅದೇ ಹೊತ್ತಿಗೆ ಕ್ವೇಕರನಾದ. ತಂದೆಯನ್ನು ‘ಯೂ’ ಎನ್ನಲು ಅವನ ಮನಸ್ಸಾಕ್ಷಿ ಒಪ್ಪಲಿಲ್ಲ. ‘ದೌ’ ಎಂದಾಗಲೆಲ್ಲ ತಂದೆ ಮುಷ್ಟಿ ಎತ್ತಿದ, ಹಲ್ಲುದುರಿಸುವೆನೆಂದು ಗದರಿದ. ಮುಂದೆ ಕುರುಡನಾಗಿದ್ದ ಕವಿ ಮಿಲ್ಟನ್‌ಗೆ ಪುಸ್ತಕ ಓದಿ ಹೇಳುತ್ತಿದ್ದವನು ಈ ಎಲ್ವುಡ್ಡನೇ. ಹೊಡೆತದ ಕಥೆಯನ್ನು ತನ್ನ ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ.

ಕ್ವೇಕರರು ಎಲ್ಲರನ್ನೂ ‘ನೀನು’ ಎನ್ನಲು ಹೊರಟರು; ಇಂಗ್ಲಿಷ್ ಎಲ್ಲರನ್ನೂ ‘ನೀವು’ ಎನ್ನತೊಡಗಿತು. 17ನೆಯ ಶತಮಾನ ಮುಗಿಯುವ ಹೊತ್ತಿಗೆ ನಗರಗಳ ಶಿಷ್ಟ ಮಾತಿನಿಂದ ‘ದೌ’ ಬಹುಮಟ್ಟಿಗೆ ಮರೆಯಾಗಿತ್ತು. ಉಳಿದದ್ದು ಕೆಲವು ಪ್ರಾದೇಶಿಕ ನುಡಿಗಳಲ್ಲಿ, ಕ್ವೇಕರರಲ್ಲಿ, ಪ್ರಾರ್ಥನೆಯಲ್ಲಿ, ಕವಿತೆಯಲ್ಲಿ. 1611ರ ಬೈಬಲ್ ಅನುವಾದ ದೇವರಿಗೂ ಸೈತಾನನಿಗೂ ಒಂದೇ ‘ದೌ’ ಬಳಸಿತ್ತು. ಮೂಲದ ಏಕವಚನವನ್ನು ಅದು ಹಾಗೇ ಉಳಿಸಿಕೊಂಡಿತ್ತು, ಅಷ್ಟೆ. ದಿನಬಳಕೆಯಲ್ಲಿ ಕೇಳಿಸದಾದ ಮೇಲೆ ಅದೇ ಪದಕ್ಕೆ ಪಾವಿತ್ರ್ಯದ ಕಳೆ ಬಂತು.

ಆ ಕಳೆಯನ್ನೇ ಮೂಲಾರ್ಥವೆಂದು ನಂಬಿದರೆ ಎಲ್ವುಡ್‌ಗೆ ಬಿದ್ದ ಪೆಟ್ಟು ನಮಗೆ ಅರ್ಥವಾಗುವುದಿಲ್ಲ. ‘ಏಕವಚನದಲ್ಲಿ ಮಾತಾಡಿದ’ ಎಂಬುದಕ್ಕೆ ಇಂದಿಗೂ ಜಗಳವಾಗುವ ನಾಡಿನಲ್ಲಿ ಕೂತು ಓದಿದರೆ, ಆ ಅಪ್ಪನ ಸಿಟ್ಟೂ ಅರ್ಥವಾದೀತು, ಆ ಮಗನ ಧೈರ್ಯವೂ.