ಗಿಂಪ್ ಮತ್ತು ಛಾಯಾಚಿತ್ರದ ಸೃಜನಶೀಲ ಪರಿಣಾಮಗಳು

ಛಾಯಾಚಿತ್ರದ ಬೆಳಕು, ಬಣ್ಣ ಮತ್ತು ಸ್ಪಷ್ಟತೆಯನ್ನು ಗಣಕದಲ್ಲಿ ಬದಲಿಸಿ, ಕ್ಯಾಮೆರಾ ದಾಖಲಿಸಿದ ನೋಟಕ್ಕೆ ಹೊಸ ಭಾವವನ್ನು ಕೊಡುವ ಕ್ರಿಯೆಯೇ ಸೃಜನಶೀಲ ಚಿತ್ರಸಂಸ್ಕರಣೆ. ಹಳೆಯ ಫೋಟೋದಂತಹ ಕಂದುಛಾಯೆ, ಕನಸಿನಂತಹ ಮಸುಕು, ಒಂದರೊಳಗೊಂದು ಬೆರೆತ ಎರಡು ಬಿಂಬಗಳು, ಆಟಿಕೆಯಂತೆ ಕಾಣುವ ನಗರ ಇವೆಲ್ಲ ಅದರ ಫಲಗಳು. ಇವುಗಳಿಗೆ ದುಬಾರಿ ತಂತ್ರಾಂಶ ಬೇಕಿಲ್ಲ. ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಇವನ್ನೆಲ್ಲ ಸಾಧಿಸಬಹುದು. ಬಗೆಬಗೆಯಾಗಿ ಕಾಣುವ ಈ ಪರಿಣಾಮಗಳ ಹಿಂದೆ ಇರುವುದು ಕೆಲವೇ ಮೂಲಕ್ರಿಯೆಗಳು. ಅವನ್ನು ಅರಿತವರು ಸಿದ್ಧ ಪರಿಣಾಮಗಳನ್ನು ಅವಲಂಬಿಸದೆ ತಮಗೆ ಬೇಕಾದುದನ್ನು ತಾವೇ ರೂಪಿಸಿಕೊಳ್ಳಬಲ್ಲರು.

ಗಿಂಪ್‌ನ ಹಿನ್ನೆಲೆ

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಈ ತಂತ್ರಾಂಶವನ್ನು ಬರೆಯಲು ಆರಂಭಿಸಿದರು. ಅದರ ಮೊದಲ ಸಾರ್ವಜನಿಕ ಆವೃತ್ತಿ 1996ರಲ್ಲಿ ಹೊರಬಂತು. ಅದೇ ವರ್ಷ ಲ್ಯಾರಿ ಎವಿಂಗ್ ಎಂಬವರು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಲಾಂಛನವಾದ ಪೆಂಗ್ವಿನ್ ಟಕ್ಸ್ ಅನ್ನು ಗಿಂಪ್‌ನಲ್ಲೇ ರಚಿಸಿದರು. ಮುಂದೆ ಈ ಯೋಜನೆ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ, ಮುಕ್ತ ತಂತ್ರಾಂಶಗಳನ್ನು ರೂಪಿಸುವ ಗ್ನೂ ಯೋಜನೆಯ ಭಾಗವಾಯಿತು.

ಗಿಂಪ್ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದನ್ನು ಬಳಸಬಹುದು, ಅದರ ಮೂಲಸಂಕೇತವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್ ಗಣಕಗಳೆಲ್ಲದರಲ್ಲೂ ಅದು ಕೆಲಸ ಮಾಡುತ್ತದೆ. 2018ರಲ್ಲಿ 2.10ನೆಯ ಆವೃತ್ತಿಯೂ 2025ರ ಮಾರ್ಚ್‌ನಲ್ಲಿ 3.0 ಆವೃತ್ತಿಯೂ ಬಿಡುಗಡೆಯಾದವು. ಮೂಲಚಿತ್ರವನ್ನು ಕೆಡಿಸದೆ ಫಿಲ್ಟರ್, ಅಂದರೆ ಸಿದ್ಧ ಪರಿಣಾಮ, ಹಚ್ಚಿ, ಅದನ್ನು ಯಾವಾಗ ಬೇಕಾದರೂ ತಿದ್ದುವ ಅಥವಾ ತೆಗೆಯುವ ಅನುಕೂಲ 3.0 ಆವೃತ್ತಿಯ ಮುಖ್ಯ ಕೊಡುಗೆ.

ಚಿತ್ರವೆಂದರೆ ಸಂಖ್ಯೆಗಳ ಜಾಲ

ಡಿಜಿಟಲ್ ಛಾಯಾಚಿತ್ರವು ಪಿಕ್ಸೆಲ್‌ಗಳೆಂಬ ಸಣ್ಣ ಚೌಕಗಳ ಸಾಲುಗಳಿಂದ ಆಗಿರುತ್ತದೆ. ಅಡ್ಡಲಾಗಿ 4000, ಉದ್ದಕ್ಕೆ 3000 ಪಿಕ್ಸೆಲ್‌ಗಳಿರುವ ಚಿತ್ರದಲ್ಲಿ ಒಟ್ಟು 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಶಗಳು ಇರುತ್ತವೆ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಪ್ರತಿ ಅಂಶವೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ, ಮೂರೂ ಸಮನಾಗಿದ್ದರೆ ಬೂದು. ಈ ಮೂರರ ಸಂಯೋಗದಿಂದ 1,67,77,216 ಬಣ್ಣಗಳು ಸಾಧ್ಯ.

ಪ್ರತಿಯೊಂದು ಅಂಶದ ಸಂಖ್ಯೆಗಳನ್ನು ಮಾತ್ರ ಬಿಡಿಸಿ ತೆಗೆದರೆ ದೊರೆಯುವ ಬೂದುಚಿತ್ರಕ್ಕೆ ಚಾನೆಲ್ ಎಂದು ಹೆಸರು. ಬಣ್ಣದ ಚಿತ್ರವನ್ನು ಮೂರು ಬೂದುಚಿತ್ರಗಳಿಂದ ಕಟ್ಟಬಹುದೆಂಬುದನ್ನು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲೇ ಲಂಡನ್ನಿನಲ್ಲಿ ಪ್ರದರ್ಶಿಸಿದ್ದರು. ಒಂದು ಪಟ್ಟೆಪಟ್ಟೆ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆಬೇರೆಯಾಗಿ ಚಿತ್ರಿಸಿ, ಮೂರನ್ನೂ ಒಂದೇ ಪರದೆಯ ಮೇಲೆ ಕೂಡಿಸಿದಾಗ ರಿಬ್ಬನ್ನಿನ ಬಣ್ಣಗಳು ಮೂಡಿದವು. ಇಂದಿನ ಪ್ರತಿಯೊಂದು ಡಿಜಿಟಲ್ ಚಿತ್ರವೂ ಇದೇ ತತ್ತ್ವವನ್ನು ಅನುಸರಿಸುತ್ತದೆ.

ಹೀಗಾಗಿ ಚಿತ್ರಸಂಸ್ಕರಣೆಯೆಂದರೆ ಈ ಸಂಖ್ಯೆಗಳನ್ನು ಒಂದು ನಿಯಮದಂತೆ ಬದಲಿಸುವುದು. ನಿಯಮ ಬದಲಾದಂತೆ ಪರಿಣಾಮವೂ ಬದಲಾಗುತ್ತದೆ.

ಪದರ ಮತ್ತು ಮಾಸ್ಕ್

ಗಿಂಪ್‌ನಲ್ಲಿ ಒಂದು ಚಿತ್ರದ ಮೇಲೆ ಇನ್ನೊಂದನ್ನು ಪಾರದರ್ಶಕ ಹಾಳೆಗಳಂತೆ ಜೋಡಿಸಬಹುದು. ಇಂತಹ ಪ್ರತಿಯೊಂದು ಹಾಳೆಗೂ ಪದರ ಅಥವಾ ಲೇಯರ್ ಎಂದು ಹೆಸರು. ಪ್ರತಿ ಪದರದ ಅಪಾರದರ್ಶಕತೆಯನ್ನು 0ಯಿಂದ 100ರವರೆಗೆ ಹೊಂದಿಸಬಹುದು. ಯಾವುದೇ ಪ್ರಯೋಗಕ್ಕೆ ಮೊದಲು ಮೂಲಪದರದ ಒಂದು ನಕಲನ್ನು ಮಾಡಿಕೊಂಡು, ಆ ನಕಲಿನ ಮೇಲೆಯೇ ಕೆಲಸ ಮಾಡುವುದು ಉತ್ತಮ ಪದ್ಧತಿ.

ಪದರದ ಒಂದು ಭಾಗ ಮಾತ್ರ ಕಾಣಬೇಕಾದಾಗ ಅದಕ್ಕೆ ಮಾಸ್ಕ್ ಅಂಟಿಸಲಾಗುತ್ತದೆ. ಮಾಸ್ಕ್ ಒಂದು ಕಪ್ಪು-ಬಿಳುಪು ಚಿತ್ರ. ಅದು ಬಿಳಿಯಾಗಿರುವಲ್ಲಿ ಪದರ ಕಾಣುತ್ತದೆ, ಕಪ್ಪಾಗಿರುವಲ್ಲಿ ಮರೆಯಾಗುತ್ತದೆ, ಬೂದಾಗಿರುವಲ್ಲಿ ಅರೆಬರೆ ಕಾಣುತ್ತದೆ. ಅಳಿಸುವ ಉಪಕರಣದಿಂದ ತೆಗೆದ ಭಾಗ ಮರಳುವುದು ಕಷ್ಟ. ಮಾಸ್ಕ್‌ನಲ್ಲಿ ಮರೆಮಾಡಿದ ಭಾಗವಾದರೋ ಬಿಳಿಬಣ್ಣ ಬಳಿದ ಕೂಡಲೇ ಮರಳುತ್ತದೆ.

ಚಿತ್ರದ ಒಂದು ವಸ್ತುವನ್ನು ಮಾತ್ರ ಬಣ್ಣದಲ್ಲಿ ಉಳಿಸುವ ಜನಪ್ರಿಯ ಪರಿಣಾಮ ಇದಕ್ಕೆ ಸರಳ ಉದಾಹರಣೆ. ಮೂಲಪದರವನ್ನು ನಕಲು ಮಾಡಿ, ಮೇಲಿನ ನಕಲನ್ನು ಕಲರ್ಸ್ ಮೆನುವಿನ ಡಿಸ್ಯಾಚುರೇಟ್ ಆಯ್ಕೆಯಿಂದ ಕಪ್ಪು-ಬಿಳುಪಾಗಿಸಬೇಕು. ಅದಕ್ಕೆ ಬಿಳಿಯ ಮಾಸ್ಕ್ ಸೇರಿಸಿ, ಬಣ್ಣ ಬೇಕಾದ ವಸ್ತುವಿನ ಮೇಲೆ ಕಪ್ಪು ಕುಂಚ ಆಡಿಸಿದರೆ ಕೆಳಗಿನ ಪದರದ ಬಣ್ಣ ಅಲ್ಲಿ ಮಾತ್ರ ಇಣುಕುತ್ತದೆ.

ಪದರಗಳನ್ನು ಬೆರೆಸುವ ವಿಧಾನಗಳು

ಮೇಲಿನ ಪದರವು ಕೆಳಗಿನದನ್ನು ಕೇವಲ ಮುಚ್ಚಬೇಕಾಗಿಲ್ಲ. ಎರಡರ ಸಂಖ್ಯೆಗಳನ್ನು ಹೇಗೆ ಕೂಡಿಸಬೇಕೆಂಬುದನ್ನು ಪದರದ ಮೋಡ್ ನಿರ್ಧರಿಸುತ್ತದೆ. ಗಿಂಪ್‌ನಲ್ಲಿ ಇಂತಹ ಮೂವತ್ತಕ್ಕೂ ಹೆಚ್ಚು ಮೋಡ್‌ಗಳಿವೆ. ಅವುಗಳಲ್ಲಿ ಮೂರನ್ನು ತಿಳಿದರೆ ಉಳಿದವುಗಳ ದಾರಿ ಸುಗಮವಾಗುತ್ತದೆ. ಒಂದು ಪದರದಲ್ಲಿ 200, ಇನ್ನೊಂದರಲ್ಲಿ 100 ಇದೆಯೆಂದು ಇಟ್ಟುಕೊಳ್ಳೋಣ.

ಮಲ್ಟಿಪ್ಲೈ: ಎರಡು ಸಂಖ್ಯೆಗಳನ್ನು ಗುಣಿಸಿ 255ರಿಂದ ಭಾಗಿಸಲಾಗುತ್ತದೆ. ಉತ್ತರ ಸುಮಾರು 78. ಎರಡು ಪಾರದರ್ಶಿಕೆಗಳನ್ನು, ಅಂದರೆ ಸ್ಲೈಡ್‌ಗಳನ್ನು, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಆಗುವುದು ಇದೇ. ಚಿತ್ರ ಯಾವಾಗಲೂ ಕಪ್ಪಿನ ಕಡೆಗೆ ಸಾಗುತ್ತದೆ.

ಸ್ಕ್ರೀನ್: ಎರಡನ್ನೂ 255ರಿಂದ ಕಳೆದು, ಉಳಿದುದನ್ನು ಗುಣಿಸಿ 255ರಿಂದ ಭಾಗಿಸಿ, ಉತ್ತರವನ್ನು ಮತ್ತೆ 255ರಿಂದ ಕಳೆಯಲಾಗುತ್ತದೆ. ಉತ್ತರ ಸುಮಾರು 222. ಒಂದೇ ಪರದೆಯ ಮೇಲೆ ಎರಡು ಪ್ರೊಜೆಕ್ಟರ್‌ಗಳ ಬೆಳಕು ಬಿದ್ದಾಗಿನಂತೆ ಚಿತ್ರ ಬೆಳಗುತ್ತದೆ.

ಡಿಫರೆನ್ಸ್: ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯಲಾಗುತ್ತದೆ. ಉತ್ತರ 100. ಎರಡು ಪದರಗಳು ಒಂದೇ ಆಗಿರುವ ಕಡೆ ಶೂನ್ಯ ಬಂದು ಕಪ್ಪು ಉಳಿಯುವುದರಿಂದ, ಒಂದೇ ನೆಲೆಯಿಂದ ತೆಗೆದ ಎರಡು ಚಿತ್ರಗಳ ನಡುವೆ ಏನು ಬದಲಾಗಿದೆಯೆಂದು ತಿಳಿಯಲೂ ಇದು ನೆರವಾಗುತ್ತದೆ.

ಇದು ಸರಳೀಕರಿಸಿದ ಲೆಕ್ಕ. ಗಿಂಪ್‌ನ ಈಚಿನ ಆವೃತ್ತಿಗಳು ಬೆಳಕಿನ ನೈಜ ತೀವ್ರತೆಯ ಆಧಾರದ ಮೇಲೂ ಪದರಗಳನ್ನು ಬೆರೆಸಬಲ್ಲವು. ಆಗ ಉತ್ತರಗಳು ಬೇರೆಯಾಗುತ್ತವೆ.

ಕರ್ವ್ಸ್: ಬೆಳಕನ್ನು ಬಾಗಿಸುವ ರೇಖೆ

ಕಲರ್ಸ್ ಮೆನುವಿನ ಕರ್ವ್ಸ್ ಉಪಕರಣ ಒಂದು ನಕ್ಷೆಯನ್ನು ತೆರೆಯುತ್ತದೆ. ಅಡ್ಡ ಅಕ್ಷದಲ್ಲಿ ಈಗಿನ ಬೆಳಕು, ಲಂಬ ಅಕ್ಷದಲ್ಲಿ ಬೇಕಾದ ಬೆಳಕು ಇರುತ್ತವೆ. ಆರಂಭದ ಓರೆಯಾದ ಸರಳರೇಖೆ ಏನನ್ನೂ ಬದಲಿಸುವುದಿಲ್ಲ. ರೇಖೆಯನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿಸಿದರೆ ನೆರಳು ಗಾಢವಾಗಿ, ಬೆಳಕು ಪ್ರಖರವಾಗಿ, ಚಿತ್ರಕ್ಕೆ ಬಿಗಿ ಬರುತ್ತದೆ. ರೇಖೆಯನ್ನು ತಲೆಕೆಳಗಾಗಿಸಿದರೆ ನೆಗೆಟಿವ್ ದೊರೆಯುತ್ತದೆ.

ರೇಖೆಯ ಮೊದಲರ್ಧವನ್ನು ಹಾಗೆಯೇ ಬಿಟ್ಟು ಉಳಿದರ್ಧವನ್ನು ಕೆಳಮುಖವಾಗಿಸಿದರೆ, ಹೊಳೆಯುವ ಭಾಗಗಳು ಮಾತ್ರ ಕಪ್ಪಾಗಿ, ಬಿಂಬ ಅರ್ಧ ಪಾಸಿಟಿವ್, ಅರ್ಧ ನೆಗೆಟಿವ್ ಆಗುತ್ತದೆ. ಸೋಲರೈಸೇಶನ್ ಎಂದು ಪ್ರಸಿದ್ಧವಾದ ಈ ನೋಟವನ್ನು ಹಿಂದೆ ಕತ್ತಲಕೋಣೆಯಲ್ಲಿ, ಚಿತ್ರವನ್ನು ಡೆವಲಪ್ ಮಾಡುವ ನಡುವೆ ಕ್ಷಣಕಾಲ ದೀಪ ಬೆಳಗಿಸಿ ಪಡೆಯುತ್ತಿದ್ದರು. ಛಾಯಾಗ್ರಾಹಕರಾದ ಮ್ಯಾನ್ ರೇ ಮತ್ತು ಲೀ ಮಿಲ್ಲರ್ ಅದನ್ನು ಕಲೆಯ ಮಟ್ಟಕ್ಕೆ ಏರಿಸಿದರು. ಕತ್ತಲಕೋಣೆಯಲ್ಲಿ ಫಲವನ್ನು ಮೊದಲೇ ಊಹಿಸುವುದು ಕಷ್ಟವಾಗಿತ್ತು. ಗಿಂಪ್‌ನಲ್ಲಿ ರೇಖೆಯನ್ನು ಎಳೆಯುತ್ತಿರುವಾಗಲೇ ಅದು ಕಣ್ಣಿಗೆ ಕಾಣುತ್ತದೆ.

ಮಸುಕು ಮತ್ತು ಸ್ಪಷ್ಟತೆ

ಪ್ರತಿ ಪಿಕ್ಸೆಲ್‌ನ ಬೆಲೆಯನ್ನು ಸುತ್ತಲಿನ ಪಿಕ್ಸೆಲ್‌ಗಳ ಸರಾಸರಿಯಿಂದ ಬದಲಿಸಿದರೆ ಚಿತ್ರ ಮಸುಕಾಗುತ್ತದೆ. ಹತ್ತಿರದವಕ್ಕೆ ಹೆಚ್ಚು, ದೂರದವಕ್ಕೆ ಕಡಿಮೆ ತೂಕ ಕೊಡುವ ಸರಾಸರಿಯೇ ಗಾಸಿಯನ್ ಬ್ಲರ್. ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗಾಸ್ ಅವರ ಗಂಟೆಯಾಕಾರದ ವಕ್ರರೇಖೆ ಈ ತೂಕಗಳನ್ನು ನಿರ್ಧರಿಸುವುದರಿಂದ ಆ ಹೆಸರು ಬಂದಿದೆ. ಮೂಲಚಿತ್ರಕ್ಕೂ ಅದರ ಮಸುಕಾದ ನಕಲಿಗೂ ಇರುವ ವ್ಯತ್ಯಾಸವನ್ನು ಮೂಲಕ್ಕೆ ಕೂಡಿಸಿದರೆ ಅಂಚುಗಳು ಎದ್ದು ಕಾಣುತ್ತವೆ. ಚಿತ್ರವನ್ನು ಹರಿತಗೊಳಿಸುವ ಪ್ರಸಿದ್ಧ ವಿಧಾನ ಇದೇ.

ಪ್ರಯೋಗಕ್ಕೆ ನಾಲ್ಕು ಪರಿಣಾಮಗಳು

*ಆರ್ಟನ್ ಪರಿಣಾಮ.* ಕೆನಡಾದ ಛಾಯಾಗ್ರಾಹಕ ಮೈಕೆಲ್ ಆರ್ಟನ್ 1980ರ ದಶಕದಲ್ಲಿ ಒಂದೇ ದೃಶ್ಯದ ಎರಡು ಸ್ಲೈಡ್‌ಗಳನ್ನು ತೆಗೆದು, ಒಂದನ್ನು ಸ್ಪಷ್ಟವಾಗಿಯೂ ಇನ್ನೊಂದನ್ನು ಮಸುಕಾಗಿಯೂ ಇರಿಸಿ, ಎರಡನ್ನೂ ಒಟ್ಟಿಗೆ ಜೋಡಿಸುತ್ತಿದ್ದರು. ಜೋಡಿಸಿದಾಗ ಕಪ್ಪಾಗದಿರಲೆಂದು ಅವನ್ನು ಹೆಚ್ಚು ಬೆಳಕಿಗೆ ಒಡ್ಡಿರುತ್ತಿದ್ದರು. ಗಿಂಪ್‌ನಲ್ಲಿ ಪದರವನ್ನು ನಕಲು ಮಾಡಿ ಸ್ಕ್ರೀನ್ ಮೋಡ್‌ನಲ್ಲಿಟ್ಟು ಕೆಳಗಿನದರೊಂದಿಗೆ ಒಂದಾಗಿಸಿದರೆ ಆ ಹೆಚ್ಚಿನ ಬೆಳಕು ಸಿಗುತ್ತದೆ. ಈ ಬೆಳಗಿದ ಪದರವನ್ನು ಮತ್ತೆ ನಕಲು ಮಾಡಿ, ಮೇಲಿನದಕ್ಕೆ ಗಾಸಿಯನ್ ಬ್ಲರ್ ಕೊಟ್ಟು, ಮಲ್ಟಿಪ್ಲೈ ಮೋಡ್‌ಗೆ ಬದಲಿಸಬೇಕು. ಕಾಡು, ಹೂದೋಟ, ಮಂಜು ಮುಸುಕಿದ ಬೆಟ್ಟಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ.

*ಹ್ಯಾರಿಸ್ ಶಟರ್.* ಕೊಡಕ್ ಸಂಸ್ಥೆಯ ರಾಬರ್ಟ್ ಹ್ಯಾರಿಸ್ ರೂಪಿಸಿದ ಈ ವಿಧಾನ ಮ್ಯಾಕ್ಸ್‌ವೆಲ್ ಅವರ ತತ್ತ್ವವನ್ನು ಕಾಲದೊಂದಿಗೆ ಬೆಸೆಯುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕೆಲವು ಕ್ಷಣಗಳ ಅಂತರದಲ್ಲಿ ಮೂರು ಚಿತ್ರ ತೆಗೆಯಬೇಕು. ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಅಡಿಯಲ್ಲಿರುವ ಡಿಕಂಪೋಸ್‌ನಿಂದ ಪ್ರತಿ ಚಿತ್ರವನ್ನೂ ಚಾನೆಲ್‌ಗಳಾಗಿ ಬಿಡಿಸಬೇಕು. ಬಳಿಕ ಕಂಪೋಸ್‌ನಲ್ಲಿ ಮೊದಲ ಚಿತ್ರದ ಕೆಂಪು, ಎರಡನೆಯದರ ಹಸಿರು, ಮೂರನೆಯದರ ನೀಲಿಯನ್ನು ಕೂಡಿಸಬೇಕು. ಬಂಡೆ, ಮರದ ಕಾಂಡಗಳಂತಹ ನಿಶ್ಚಲ ವಸ್ತುಗಳು ಸಹಜ ಬಣ್ಣದಲ್ಲಿಯೇ ಉಳಿಯುತ್ತವೆ. ಹರಿಯುವ ನೀರು, ಸಾಗುವ ಮೋಡಗಳು ಮಾತ್ರ ಕಾಮನಬಿಲ್ಲಿನ ಬಣ್ಣಗಳನ್ನು ತಾಳುತ್ತವೆ.

*ಸೈನೋಟೈಪ್ ನೋಟ.* ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸೈನೋಟೈಪ್ ಮುದ್ರಣದಲ್ಲಿ ಚಿತ್ರ ಗಾಢನೀಲಿ ಮತ್ತು ಬಿಳಿಯಲ್ಲಿ ಮೂಡುತ್ತದೆ. ಇದಕ್ಕಾಗಿ ಚಿತ್ರವನ್ನು ಕಪ್ಪು-ಬಿಳುಪಾಗಿಸಿ, ಮುನ್ನೆಲೆ ಬಣ್ಣವಾಗಿ ಗಾಢನೀಲಿಯನ್ನೂ ಹಿನ್ನೆಲೆ ಬಣ್ಣವಾಗಿ ಬಿಳಿಯನ್ನೂ ಆರಿಸಬೇಕು. ಮುನ್ನೆಲೆಯಿಂದ ಹಿನ್ನೆಲೆಗೆ ಸಾಗುವ ಗ್ರೇಡಿಯೆಂಟ್ ಆರಿಸಿಕೊಂಡು, ಕಲರ್ಸ್ ಮೆನುವಿನ ಮ್ಯಾಪ್ ಅಡಿಯಲ್ಲಿರುವ ಗ್ರೇಡಿಯೆಂಟ್ ಮ್ಯಾಪ್ ಬಳಸಿದರೆ ನೆರಳೆಲ್ಲ ನೀಲಿಯಾಗುತ್ತದೆ. ಬಣ್ಣಗಳನ್ನು ಬದಲಿಸಿದರೆ ಇದೇ ವಿಧಾನದಿಂದ ಕಂದುಛಾಯೆಯನ್ನೂ ಪಡೆಯಬಹುದು.

*ಆಟಿಕೆಯ ಲೋಕ.* ಚಿಕ್ಕ ವಸ್ತುವನ್ನು ತೀರ ಹತ್ತಿರದಿಂದ ಚಿತ್ರಿಸಿದಾಗ ಅದರ ಒಂದು ಭಾಗ ಮಾತ್ರ ಸ್ಪಷ್ಟವಾಗಿದ್ದು, ಹಿಂದುಮುಂದಿನ ಭಾಗಗಳು ಮಸುಕಾಗುತ್ತವೆ. ಕಣ್ಣು ಈ ಮಸುಕನ್ನು ಚಿಕ್ಕತನದ ಗುರುತೆಂದು ಓದುತ್ತದೆ. ಎತ್ತರದಿಂದ ತೆಗೆದ ರಸ್ತೆ ಅಥವಾ ಊರಿನ ಚಿತ್ರವನ್ನು ನಕಲು ಮಾಡಿ, ಮೇಲಿನ ಪದರವನ್ನು ಮಸುಕಾಗಿಸಿ, ಮಾಸ್ಕ್‌ನಲ್ಲಿ ನಡುವಿನ ಪಟ್ಟಿಯನ್ನು ಕಪ್ಪಾಗಿಸಿ ಮೇಲೆ ಕೆಳಗೆ ನಿಧಾನವಾಗಿ ಬಿಳಿಗೆ ತಿರುಗಿಸಿದರೆ, ವಾಹನಗಳು ಮತ್ತು ಮನೆಗಳು ಆಟಿಕೆಗಳಾಗಿ ತೋರುತ್ತವೆ. ಬಣ್ಣಗಳನ್ನು ತುಸು ಗಾಢಗೊಳಿಸಿದರೆ ಭ್ರಮೆ ಬಲಗೊಳ್ಳುತ್ತದೆ.

ಕಡತವನ್ನು ಉಳಿಸುವ ಬಗೆ

ಗಿಂಪ್‌ನ ಸ್ವಂತ ಕಡತರೂಪ ಎಕ್ಸ್‌ಸಿಎಫ್. ಪದರ, ಮಾಸ್ಕ್, ಮೋಡ್‌ಗಳೆಲ್ಲ ಅದರಲ್ಲಿ ಉಳಿಯುತ್ತವೆ. ಸೇವ್ ಆಯ್ಕೆ ಈ ರೂಪದಲ್ಲಿ ಉಳಿಸುತ್ತದೆ. ಜೆಪೆಗ್ ಅಥವಾ ಪಿಎನ್‌ಜಿ ಬೇಕಾದರೆ ಎಕ್ಸ್‌ಪೋರ್ಟ್ ಆಯ್ಕೆ ಬಳಸಬೇಕು. ಜೆಪೆಗ್ ಪದರಗಳನ್ನು ಒಂದಾಗಿಸುವುದಲ್ಲದೆ, ಕಡತವನ್ನು ಕಿರಿದಾಗಿಸಲು ಕೆಲವು ವಿವರಗಳನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಕೆಲಸ ಮುಗಿಯುವವರೆಗೆ ಎಕ್ಸ್‌ಸಿಎಫ್ ಕಡತವನ್ನು ಕಾಯ್ದಿಡಬೇಕು.

ಜೊತೆಯ ಮುಕ್ತ ತಂತ್ರಾಂಶಗಳು

ಫ್ರಾನ್ಸ್‌ನ ಕಾನ್ ನಗರದ ಗ್ರೇಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಜಿಮಿಕ್ ಎಂಬ ಪ್ಲಗಿನ್ ಗಿಂಪ್‌ಗೆ 500ಕ್ಕೂ ಹೆಚ್ಚು ಫಿಲ್ಟರ್‌ಗಳನ್ನು ಸೇರಿಸುತ್ತದೆ. ಕ್ಯಾಮೆರಾದ ಕಚ್ಚಾ ಕಡತಗಳನ್ನು, ಅಂದರೆ ರಾ ಚಿತ್ರಗಳನ್ನು, ಹದಗೊಳಿಸಲು ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಇವೆ. ಚಿತ್ರದ ಮೇಲೆ ಕುಂಚದಿಂದ ಬಿಡಿಸುವವರಿಗೆ ಕ್ರಿಟಾ ಸೂಕ್ತ.

ಬಳಕೆ ಮತ್ತು ಹೊಣೆ

ಪುಸ್ತಕದ ಮುಖಪುಟ, ನಾಟಕದ ಭಿತ್ತಿಪತ್ರ, ಶಾಲೆಯ ಪ್ರದರ್ಶನ, ಆಮಂತ್ರಣ ಪತ್ರಿಕೆ, ಜಾಲತಾಣದ ವಿನ್ಯಾಸ ಮುಂತಾದ ಕಡೆ ಈ ಪರಿಣಾಮಗಳು ಬಳಕೆಯಾಗುತ್ತವೆ. ಗಿಂಪ್‌ನಲ್ಲಿ ಯುನಿಕೋಡ್ ಕನ್ನಡ ಅಕ್ಷರಗಳು ಒತ್ತಕ್ಷರಗಳೊಂದಿಗೆ ಸರಿಯಾಗಿ ಮೂಡುತ್ತವೆ. ನವಿಲು, ಗುಬ್ಬಿ, ನೋಟೋ ಸಾನ್ಸ್ ಕನ್ನಡ ಮುಂತಾದ ಮುಕ್ತ ಅಕ್ಷರಶೈಲಿಗಳನ್ನು ಅಳವಡಿಸಿಕೊಂಡರೆ ಚಿತ್ರವನ್ನೂ ಬರಹವನ್ನೂ ಒಂದೇ ಕಡೆ ಸಿದ್ಧಪಡಿಸಬಹುದು.

ಸುದ್ದಿಚಿತ್ರಗಳ ವಿಷಯ ಮಾತ್ರ ಬೇರೆ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರುವರಿ ಸಂಚಿಕೆಯ ಮುಖಪುಟಕ್ಕಾಗಿ ಈಜಿಪ್ಟಿನ ಗೀಜಾ ಪಿರಮಿಡ್‌ಗಳನ್ನು ಗಣಕದ ನೆರವಿನಿಂದ ಹತ್ತಿರ ಸರಿಸಿದ್ದು ತೀವ್ರ ಟೀಕೆಗೆ ಗುರಿಯಾಯಿತು. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ನಿಯಮಗಳು ಚಿತ್ರಕ್ಕೆ ವಸ್ತುಗಳನ್ನು ಸೇರಿಸುವುದನ್ನೂ ಅದರಿಂದ ತೆಗೆಯುವುದನ್ನೂ ನಿಷೇಧಿಸುತ್ತವೆ. ಕಲೆಯಾಗಿ ರೂಪಿಸಿದ ಚಿತ್ರವನ್ನು ಕಲೆಯೆಂದೇ ತೋರಿಸಬೇಕು, ದಾಖಲೆಯೆಂದು ನಂಬಿಸಬಾರದು.

ಆಸಕ್ತರು ಗಿಂಪ್‌ನ ಅಧಿಕೃತ ಜಾಲತಾಣದಿಂದ ತಂತ್ರಾಂಶವನ್ನು ಇಳಿಸಿಕೊಂಡು, ತಮ್ಮದೇ ಒಂದು ಚಿತ್ರದ ಎರಡು ಪದರಗಳೊಂದಿಗೆ ಅಭ್ಯಾಸ ಆರಂಭಿಸಬಹುದು. ಮಲ್ಟಿಪ್ಲೈ, ಸ್ಕ್ರೀನ್, ಮಾಸ್ಕ್ ಮತ್ತು ಕರ್ವ್ಸ್ ಈ ನಾಲ್ಕು ಕೈವಶವಾದರೆ, ಛಾಯಾಚಿತ್ರದ ಬಹುತೇಕ ಪರಿಣಾಮಗಳನ್ನು ಸ್ವತಃ ರೂಪಿಸಲು ಬೇಕಾದ ಅಡಿಪಾಯ ಸಿದ್ಧವಾದಂತೆಯೇ.